ಮೂರು ಬಾಟಲಿ, ಒಂದು ಒರಳು

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಎಂದು ನಮ್ಮ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಅಧಿಕಾರಿಗಳು ಅಲ್ಲಲ್ಲಿಂದ ಎತ್ತಿಕೊಂಡು ಹೋದ 171 ಮಾದರಿಗಳಲ್ಲಿ 107 ತಿನ್ನಲು ಯೋಗ್ಯವಲ್ಲ ಎಂದು ವರದಿ ಬಂದಿತ್ತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್ ಅಂತ ಅದುವರೆಗೆ ಯಾರೂ ಕೇಳದ ಹೆಸರುಗಳು ಒಂದೇ ದಿನದಲ್ಲಿ ಪೇಪರಿನ ಮುಖಪುಟಕ್ಕೆ ಬಂದವು. ವಾರ ಕಳೆಯುವುದರೊಳಗೆ ನಮ್ಮ ಬಡಾವಣೆಯ ಸರ್ಕಲ್ಲಿನ ತಳ್ಳುಗಾಡಿಯಲ್ಲಿ ಗೋಬಿ ಬಿಳಿಚಿಕೊಂಡಿತು. ಕಾಲೇಜು ಹುಡುಗನೊಬ್ಬ ಪ್ಲೇಟು ಕೈಯಲ್ಲಿ ಹಿಡಿದು, "ಅಣ್ಣಾ, ಇದಕ್ಕೆ ರಕ್ತ ಕಮ್ಮಿಯಾಗಿದೆ" ಅಂದ. ಸುತ್ತ ನಿಂತವರೆಲ್ಲ ನಕ್ಕರು. ಗಾಡಿಯವನಿಗೆ ಮಾತ್ರ ನಗು ಬರಲಿಲ್ಲ. "ನೀವೇ ಹೇಳಿ ಸಾರ್, ಬಣ್ಣ ಇಲ್ದೆ ಗೋಬಿ ಮಾಡೋದು ಹೆಂಗೆ?" ಎಂದು, ದಿನಾ ವಾಕಿಂಗಿಗೆ ಹೋಗುವ ನನ್ನನ್ನು ಹಿಡಿದು ಕೇಳಿದ.

ಅವನಿಗೇನು ಗೊತ್ತು, ಅಂಥದೇ ಬಾಣಲೆಯ ಪಕ್ಕದಲ್ಲಿ ನಾನೂ ನಿಂತವನು ಅಂತ.

ಸೆಕೆಂಡ್ ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತ್ತು. ಹುಣಸೂರಿನ ಕಡೆಯ ನಮ್ಮೂರಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ತುಂಬುವುದು, ಇಲ್ಲವೇ ಮೈಸೂರಿನ ಬಸ್ ಹತ್ತುವುದು, ಎರಡೇ ದಾರಿ. ಬಸ್ ಹತ್ತಿದೆ. ಎಂಬತ್ತರ ದಶಕದ ಕೊನೆಯ ಆ ಹೊತ್ತಿಗೆ ಮೈಸೂರಿನ ಹೋಟೆಲುಗಳಿಗೆ 'ಚೈನೀಸ್' ಎಂಬ ಗಾಳಿ ಬೀಸಿತ್ತು. ದೇವರಾಜ ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಹೋಟೆಲಿನವರು ಕೆಳಗೆ ಇಡ್ಲಿ-ವಡೆಯನ್ನೇ ಇಟ್ಟುಕೊಂಡು, ಮಹಡಿಯಲ್ಲಿ ನಾಲ್ಕು ಕೆಂಪು ಕಾಗದದ ದೀಪ ತೂಗುಹಾಕಿ, ಗೋಡೆಯ ಮೇಲೆ ಡ್ರ್ಯಾಗನ್ ಬರೆಸಿದ್ದರು. ಬರೆದವನು ದಸರಾಕ್ಕೆ ಬೊಂಬೆಗಳಿಗೆ ಬಣ್ಣ ಹಾಕುತ್ತಿದ್ದ ನಮ್ಮವನೇ. ಹಾಗಾಗಿ ಡ್ರ್ಯಾಗನ್ನಿಗೆ ಸ್ವಲ್ಪ ಯಾಳಿಯ ಮುಖ ಬಂದಿತ್ತು. ಅಲ್ಲಿ ನಾನು ಕಟಿಂಗ್ ಹುಡುಗ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಈರುಳ್ಳಿ ಹೂವು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೆಚ್ಚುವುದೇ ಕೆಲಸ. ರಾತ್ರಿ ಕಣ್ಣು ಉಜ್ಜಿಕೊಂಡರೆ ಮುಗಿಯಿತು, ನಿದ್ದೆ ದೂರ.

ಅಡುಗೆಯವನು ಬೈಲಕುಪ್ಪೆಯ ಟಿಬೆಟಿಯನ್. ನಲವತ್ತರ ಆಸುಪಾಸು, ಗಟ್ಟಿಮುಟ್ಟಾದ ಕುಳ್ಳು ಆಳು, ಎಡಗೈಯ ಎರಡು ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹಿಮಾಲಯದ ಕಡೆ ರಸ್ತೆ ಕೆಲಸದಲ್ಲಿ ಕಲ್ಲು ಬಿದ್ದದ್ದು ಎಂದಿದ್ದ. ಮಾಲೀಕರು ಅವನಿಗೆ ಕೆಲಸ ಕೊಟ್ಟದ್ದು ಮುಖ ನೋಡಿ. ಕೈ ಎಂಥದ್ದು ಎಂದು ತಿಳಿದದ್ದು ಆಮೇಲೆ. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಗೋಡೆ ಒಡೆಸಿ ಕಿಟಕಿ ಇಡಿಸಿದ್ದರು. ಗಿರಾಕಿಗಳು ಬಗ್ಗಿ ನೋಡಿ, "ಒರಿಜಿನಲ್ಲೇ ಕಣ್ರೀ" ಎಂದು ಹೆಂಡತಿಗೆ ಹೇಳಿ ಸಮಾಧಾನದಿಂದ ಕೂರುತ್ತಿದ್ದರು. ಹೋಟೆಲಿನಲ್ಲಿ ಅವನಿಗೆ 'ಚೀನಿ' ಎಂದೇ ಹೆಸರು. ಚೀನಾ ತನ್ನ ನೆಲ ನುಂಗಿದ್ದಕ್ಕೆ 1959ರಲ್ಲಿ ಅಪ್ಪ-ಅಮ್ಮನ ಜೊತೆ ಗುಡ್ಡ ದಾಟಿ ಬಂದ ಮನುಷ್ಯನನ್ನು ಕ್ಯಾಶ್ ಕೌಂಟರಿನಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರೂ ಹಾಗೆ ಕೂಗುತ್ತಿದ್ದರು. ಅದರಲ್ಲಿ ದ್ವೇಷವೇನೂ ಇರಲಿಲ್ಲ, ಅದು ನಿಜ. ದ್ವೇಷ ಇಲ್ಲದ್ದರಿಂದಲೇ ಅದು ಯಾರ ಗಮನಕ್ಕೂ ಬರಲಿಲ್ಲ, ಅದೂ ನಿಜ.

ಅವನು ಈ ಅಡುಗೆ ಕಲಿತದ್ದು ಬೆಂಗಳೂರಿನಲ್ಲಿ, ಕಲ್ಕತ್ತೆಯಿಂದ ಬಂದಿದ್ದ ಒಬ್ಬ ಹಕ್ಕಾ ಚೀನೀಯನ ಕೈಕೆಳಗೆ. ಕಲ್ಕತ್ತೆಯ ಟಾಂಗ್ರಾ ಎಂಬಲ್ಲಿ ಹಕ್ಕಾ ಜನ ಚರ್ಮ ಹದ ಮಾಡುವ ಕಾರ್ಖಾನೆ ಇಟ್ಟುಕೊಂಡಿದ್ದರು. ಬರಬರುತ್ತಾ ಅದೇ ಶೆಡ್ಡುಗಳು ಹೋಟೆಲುಗಳಾದವು. 1962ರ ಯುದ್ಧದಲ್ಲಿ ಭಾರತದ ಚೀನೀ ಮೂಲದವರನ್ನು, ಸುಮಾರು ಮೂರು ಸಾವಿರ ಜನರನ್ನು, ಹಿಡಿದು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದ್ದರು. ಆ ಗುರುವಿನ ಮನೆಯವರೂ ಅದರಲ್ಲಿದ್ದರಂತೆ. ಚೀನಾದಿಂದ ಊರು ಕಳೆದುಕೊಂಡವನೊಬ್ಬ, ಚೀನೀಯನೆಂದು ಜೈಲು ಕಂಡ ಮನೆಯವನೊಬ್ಬ, ಒಂದೇ ಬಾಣಲೆಯ ಎರಡು ಬದಿಗೆ ನಿಂತು ಬೆಂಗಳೂರಿನವರಿಗೆ ಚೌಮೀನ್ ಬಡಿಸಿದ್ದರು. ಇದೆಲ್ಲ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ದೇವಲಿಯ ಬಗ್ಗೆ ಓದಿದಾಗ. ಆಗ ಅವನು ಹೇಳುವಾಗ ನಾನು ಶುಂಠಿ ಸಿಪ್ಪೆ ಹೆರೆಯುತ್ತಿದ್ದೆ, ಅಷ್ಟೆ.

ಮಂಚೂರಿ ಕೂಡ ಎಲ್ಲಿಯೋ ಮಂಚೂರಿಯಾದಿಂದ ಬಂದದ್ದಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ, ಯಾರೋ ಹೊಸದೇನಾದರೂ ಮಾಡು ಎಂದದ್ದಕ್ಕೆ, ನಮ್ಮ ಒಗ್ಗರಣೆಯ ಹಾಗೆ ಬೆಳ್ಳುಳ್ಳಿ-ಶುಂಠಿ-ಹಸಿಮೆಣಸು ಬಾಡಿಸಿ, ಗರಂಮಸಾಲೆ ಬೀಳಬೇಕಾದ ಜಾಗದಲ್ಲಿ ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ ಚಿಕನ್ ಮಂಚೂರಿಯನ್ ಮಾಡಿದೆ ಎಂದು ಹೇಳಿಕೊಂಡಿದ್ದಾರೆ. ಅದು ಕೋಳಿ ಬಿಟ್ಟು ಹೂಕೋಸಿಗೆ ಹಾರಿ, ಕ್ಲಬ್ ಬಿಟ್ಟು ತಳ್ಳುಗಾಡಿ ಹತ್ತಿ, ದಾವಣಗೆರೆ, ಹಾಸನ, ಚಾಮರಾಜನಗರದ ಬಸ್‌ಸ್ಟ್ಯಾಂಡುಗಳ ಪಕ್ಕ ಸಂಜೆಯ ವಾಸನೆಯೇ ಆಗಿಹೋಯಿತು. ಈಗ ಜಾತ್ರೆಯಲ್ಲಿ ಬತ್ತಾಸು ಅಂಗಡಿಗಿಂತ ಗೋಬಿ ಗಾಡಿಯೇ ಜಾಸ್ತಿ.

ನಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕೂ ಮೂರು ಬಾಟಲಿ. ಕಪ್ಪು, ಕೆಂಪು, ಹಸಿರು. ಸೋಯಾ, ಟೊಮ್ಯಾಟೊ, ಚಿಲ್ಲಿ. ಪಕ್ಕದಲ್ಲಿ ಬಣ್ಣವಿಲ್ಲದ ವಿನೆಗರ್, ಒಂದು ಡಬ್ಬಿ ಟೇಸ್ಟಿಂಗ್ ಪೌಡರ್. ಮೆನು ಕಾರ್ಡಿನಲ್ಲಿ ಎರಡು ಪುಟ ಹೆಸರಿದ್ದವು. ಒಳಗೆ ನಡೆಯುತ್ತಿದ್ದದ್ದು ಈ ಮೂರರ ಲೆಕ್ಕಾಚಾರ. ಕಪ್ಪು ಜಾಸ್ತಿಯಾದರೆ ಮಂಚೂರಿ, ಕೆಂಪು ಮತ್ತು ಸಕ್ಕರೆ ಜಾಸ್ತಿಯಾದರೆ ಸ್ವೀಟ್ ಅಂಡ್ ಸೋರ್, ಬೆಳ್ಳುಳ್ಳಿ ಎರಡರಷ್ಟು ಬಿದ್ದರೆ ಹಾಟ್ ಗಾರ್ಲಿಕ್, ಖಾರ ಮೇಲಾದರೆ ಶೆಜ್ವಾನ್. ಮೊದಲ ತಿಂಗಳಲ್ಲೇ ಈ ಗುಟ್ಟು ತಿಳಿದು ನನಗೆ ಒಂಥರಾ ಮೋಸವೆನಿಸಿತ್ತು. ಆದರೆ ಅದೇ ಮೂರು ಬಾಟಲಿ ಹಿಡಿದು ಸಹಾಯಕ ಮಾಡಿದ ಗ್ರೇವಿ ಅಂಟು ಅಂಟಾಗಿ, ಹಸಿಹಸಿಯಾಗಿ ಇರುತ್ತಿತ್ತು. ಆ ಟಿಬೆಟಿಯನ್ ಅಡುಗೆಯವನು ಮಾಡಿದ್ದು ಮಿರಮಿರ ಮಿನುಗಿ, ಚಮಚದ ಬೆನ್ನಿಗೆ ತೆಳ್ಳಗೆ ಹಿಡಿಯುತ್ತಿತ್ತು. ಬಾಟಲಿಯಲ್ಲೇ ಎಲ್ಲ ಇದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಅವನು ಬಾಯಿಬಿಟ್ಟು ಕಲಿಸುವವನಲ್ಲ. ಬೈಯುವವನು. ಬೈಗುಳದಿಂದಲೇ ನಾನು ಕಲಿತದ್ದು. ಎಣ್ಣೆ ಹೊಗೆಯಾಡುವ ಮೊದಲು ಬೆಳ್ಳುಳ್ಳಿ ಹಾಕಿದರೆ ಬೈಗುಳ, ಹೊಗೆಯಾಡಿದ ಮೇಲೆ ಒಂದು ಉಸಿರು ತಡವಾದರೂ ಬೈಗುಳ. ಸೋಯಾ ಸಾಸನ್ನು ತರಕಾರಿಯ ಮೇಲೆ ಸುರಿಯಬಾರದು, ಬಾಣಲೆಯ ಕಾದ ಅಂಚಿಗೆ ಬಿಡಬೇಕು. ಅದು ಚುಯ್ ಎಂದು ಅಲ್ಲೇ ಸ್ವಲ್ಪ ಸುಟ್ಟು ಕೆಳಗಿಳಿದರೆ ಹಸಿ ವಾಸನೆ ಹೋಗುತ್ತದೆ. ವಿನೆಗರ್ ಕೊನೆಗೆ. ಮೊದಲೇ ಹಾಕಿ ಕುದಿಸಿದರೆ ಹುಳಿಯೂ ಹಾರಿಹೋಗುತ್ತದೆ, ಕಾರ್ನ್‌ಫ್ಲೋರಿನ ಗಟ್ಟಿತನವೂ ಸಡಿಲವಾಗುತ್ತದೆ. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲೇ ಕಲಸಬೇಕು. ಅವಸರಕ್ಕೆ ನಾನೊಮ್ಮೆ ಬಿಸಿನೀರು ಕೇಳಿದ್ದಕ್ಕೆ ಅವನು ಮಾತಾಡದೆ ಒಂದು ಚಮಚ ಪುಡಿಯನ್ನು ಕುದಿನೀರಿಗೆ ಉದುರಿಸಿ ತೋರಿಸಿದ. ಹಿಟ್ಟು ಮುದ್ದೆಮುದ್ದೆಯಾಯಿತು. ಒಂದು ಗಂಟನ್ನು ಉಗುರಿನಲ್ಲಿ ಒಡೆದ. ಹೊರಗೆ ಬೆಂದ ಗಂಜಿ, ಒಳಗೆ ಒಣ ಪುಡಿ ಹಾಗೇ ಬೆಳ್ಳಗೆ ಕೂತಿತ್ತು. ಹೊರಪದರ ಬಿಸಿಗೆ ಸಿಕ್ಕ ತಕ್ಷಣ ಅಂಟಾಗಿ ಬಾಗಿಲು ಹಾಕಿಕೊಳ್ಳುತ್ತದೆ, ಒಳಗೆ ನೀರು ಹೋಗುವುದಿಲ್ಲ. ರಾಗಿಮುದ್ದೆ ತೊಳಸುವವರ ಮನೆಯಿಂದ ಬಂದವನಿಗೆ ಗಂಟಿನ ಕಷ್ಟ ಬೇರೆ ಹೇಳಬೇಕಿರಲಿಲ್ಲ.

ಅಂದಾಜು ಹೇಳುವುದಾದರೆ, ಒಂದು ಬಟ್ಟಲು ನೀರಿಗೆ ಒಂದು ಚಮಚ ಹಿಟ್ಟು, ಮೂರು ಚಮಚ ತಣ್ಣೀರಿನಲ್ಲಿ ಕದಡಿದ್ದು. ಹಾಕುವ ಮುಂಚೆ ಇನ್ನೊಮ್ಮೆ ಕದಡಬೇಕು, ಏಕೆಂದರೆ ಅದು ತಳಕ್ಕೆ ಕೂರುವ ಜಾತಿ. ಹಾಕಿದ ಮೇಲೆ ಹಾಲಿನ ಬಣ್ಣ ಹೋಗಿ ಕನ್ನಡಿಯ ಹೊಳಪು ಬರುವವರೆಗೆ ಕೈಯಾಡಿಸಬೇಕು. ಬಂದ ತಕ್ಷಣ ಇಳಿಸಬೇಕು. ಇಷ್ಟೇ. ಈ ಇಷ್ಟೇ ಎನ್ನುವುದಕ್ಕೆ ನನಗೆ ಒಂದು ಮಳೆಗಾಲ ಹಿಡಿಯಿತು.

ಬಣ್ಣದ ಡಬ್ಬಿ ಮಾತ್ರ ಅವನದಲ್ಲ, ಮಾಲೀಕರದು. ಕೇಸರಿಬಾತಿಗೆ ಕೆಳಗಿನ ಅಡುಗೆಮನೆಯಲ್ಲಿ ಬಳಸುತ್ತಿದ್ದದ್ದು ಮಹಡಿಗೂ ಬಂದಿತ್ತು. ಕಿಟಕಿಯಿಂದ ಕೆಂಪು ಕಂಡರೆ ಆರ್ಡರ್ ಜಾಸ್ತಿ ಎನ್ನುವುದು ಅವರ ವ್ಯಾಪಾರದ ಅನುಭವ; ಅದು ಸುಳ್ಳೇನಲ್ಲ. ಅವನು ಚಿಟಿಕೆ ಹಾಕುತ್ತಿದ್ದ, ಮುಖ ಸಿಂಡರಿಸಿ. ಎಷ್ಟು ತೊಳೆದರೂ ಅವನ ಬೆರಳ ತುದಿ ಕಿತ್ತಳೆಯಾಗಿಯೇ ಉಳಿಯುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ಗಿರಾಕಿ ಖಾಲಿ. ಆಗ ಅವನು ತನಗಾಗಿ ಅಡುಗೆ ಮಾಡಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಮೂರು ಬಾಟಲಿಯಲ್ಲಿ ಒಂದನ್ನೂ ಮುಟ್ಟಿದ್ದು ನಾನು ಕಾಣೆ.

ಹತ್ತು ಹನ್ನೆರಡು ಒಣಮೆಣಸಿನಕಾಯಿಯ ತೊಟ್ಟು ಮುರಿದು ಬಿಸಿನೀರಿಗೆ ಹಾಕುವನು. ಎರಡು ಟೊಮ್ಯಾಟೊವನ್ನು ನೇರ ಬೆಂಕಿಗೆ ಇಟ್ಟು, ಸಿಪ್ಪೆ ಕಪ್ಪಾಗಿ ಬಿರಿಯುವವರೆಗೆ ಇಕ್ಕಳದಲ್ಲಿ ತಿರುಗಿಸುವನು. ಕೆಳಗಿನ ಅಡುಗೆಮನೆಯ ಚಿಕ್ಕ ಒರಳೊಂದನ್ನು ಚಟ್ನಿ ಅರೆಯಲು ಗ್ರೈಂಡರ್ ಬಂದ ಮೇಲೆ ಮೂಲೆಗೆ ತಳ್ಳಿದ್ದರು. ಅದನ್ನು ಕೇಳಿ ಮಹಡಿಗೆ ಹೊರಿಸಿಕೊಂಡಿದ್ದ. ಮೊದಲು ಕಲ್ಲುಪ್ಪು, ಬೆಳ್ಳುಳ್ಳಿ. ಉಪ್ಪಿನ ಹರಳು ಬೆಳ್ಳುಳ್ಳಿಯನ್ನು ಸಿಗಿದು ಹಾಕುತ್ತದೆ, ಜಾರಲು ಬಿಡುವುದಿಲ್ಲ. ಆಮೇಲೆ ಶುಂಠಿಯ ಚೂರು, ನೆನೆದ ಮೆಣಸಿನಕಾಯಿ. ಅದು ತರಿತರಿಯಾಗಿರುವಾಗಲೇ ಸುಟ್ಟ ಟೊಮ್ಯಾಟೊ, ಸಿಪ್ಪೆಯ ಕರಿ ಸ್ವಲ್ಪ ಉಳಿದರೂ ಪರವಾಗಿಲ್ಲ. ಕೊನೆಗೆ ಅಂಗಿಯ ಒಳಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು, ಬಾಯಿಬಿಟ್ಟ ಕಂದುಬಣ್ಣದ ಪುಟ್ಟ ಕಾಯಿಗಳನ್ನು ನಾಲ್ಕೈದು ಎಣಿಸಿ ಹಾಕುವನು. ಯೆರ್ಮಾ ಎನ್ನುತ್ತಿದ್ದ. ಅದರ ಕರಿ ಬೀಜ ಬೇಡ, ಸಿಪ್ಪೆ ಮಾತ್ರ. ಮೇಲೆ ಕೊತ್ತಂಬರಿ ಸೊಪ್ಪು. ಇದೇ ಸೆಪೆನ್.

ಮೊದಲ ಸಲ ಬ್ರೆಡ್ಡಿನ ತುಂಡಿಗೆ ಹಚ್ಚಿ ಕೊಟ್ಟಾಗ ಖಾರ ಏರಿತು, ಅದು ಗೊತ್ತಿದ್ದದ್ದೇ. ಆದರೆ ಖಾರದ ಹಿಂದೆಯೇ ತುಟಿ, ನಾಲಿಗೆಯ ತುದಿ ಜುಮುಗುಟ್ಟಿ ಮರಗಟ್ಟಿತು. ಹೆದರಿ ನೀರು ಕುಡಿದೆ. ನೀರೇ ಹುಳಿಯಾಗಿ ಕಂಡಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅಡುಗೆಮನೆಯ ಆ ಹೊತ್ತಿನಲ್ಲಿ ಮಾತ್ರ.

ಎರಡನೆಯ ತುತ್ತಿಗೆ ನನಗೆ ನೆನಪಾದದ್ದು ಅವ್ವನ ಉಪ್ಪೆಸ್ರು ಖಾರ. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಬಸಿದ ಕಟ್ಟು ಒಂದು ಕಡೆ. ಇನ್ನೊಂದು ಕಡೆ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು ಅರೆದ ಗಟ್ಟಿ ಖಾರ. ಮುದ್ದೆಯ ತಟ್ಟೆಯಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟು ಖಾರ ಇಟ್ಟು, ಬೇಕಾದಷ್ಟು ಕದಡಿಕೊಳ್ಳುವುದು. ಅದೂ ಒಂದು ಸಾಸೇ ತಾನೆ? ಆದರೆ ಅದನ್ನು ಯಾರಾದರೂ ಮಹಡಿಯ ಮೆನುವಿನಲ್ಲಿ ಬರೆಯುತ್ತಿದ್ದರೇ? ಸೆಪೆನ್ನನ್ನೂ ಬರೆದಿರಲಿಲ್ಲ. ಎರಡೂ ಅಡುಗೆಯವರು ತಾವು ತಿನ್ನುವ ಖಾರ. ಮಾರುವ ಖಾರ ಬೇರೆ.

ರಜೆಗೆ ಊರಿಗೆ ಹೋಗುವಾಗ ಒಂದು ಚಪ್ಪಟೆ ಸೀಸೆಯಲ್ಲಿ ಸೋಯಾ ಸಾಸ್ ಬಗ್ಗಿಸಿಕೊಂಡು ಹೋಗಿದ್ದೆ. ಅವ್ವ ಮುಚ್ಚಳ ತೆಗೆದು ಮೂಸಿದಳು. ಸೀಸೆಯ ಆಕಾರ ನೋಡಿದಳು. "ಕುಡಿಯೋದ ಕಲ್ತ್ಯಾ?" ಅಂದಳು. ಎಷ್ಟು ಹೇಳಿದರೂ ನಂಬದೆ ತಿಪ್ಪೆಗೆ ಸುರಿದು, ಸೀಸೆ ತೊಳೆದು ಹರಳೆಣ್ಣೆಗೆ ಇಟ್ಟುಕೊಂಡಳು. ಸೆಪೆನ್ನಿನ ವಿಚಾರದಲ್ಲಿ ಮಾತ್ರ ತಕರಾರು ಎತ್ತಲಿಲ್ಲ. ಯೆರ್ಮಾ ಬಿಟ್ಟು ಮಾಡಿ ತೋರಿಸಿದೆ. ಮುದ್ದೆಗೆ ನೆಂಚಿಕೊಂಡು, "ಇದ ಟಿಬೇಟ್ನೋರು ಕಲುಸ್ಬೇಕಾ? ಹುಣಸೇಹಣ್ಣು ಮರ್ತವ್ರೆ" ಅಂದಳು. ಹಾಗೆ ಹೇಳಿದ ಅವ್ವನೇ, ಪಿರಿಯಾಪಟ್ಟಣದ ಸಂತೆಯಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ ಹೆಂಗಸರು ಬಾಯಾರಿ ನೀರು ಕೇಳಿದರೆ ಕೈಗೆ ಸುರಿಯುತ್ತಿದ್ದವಳು, ಚೊಂಬು ಕೊಡುತ್ತಿರಲಿಲ್ಲ. ಅವರು ತಿನ್ನುವ ಮಾಂಸ ಅದಕ್ಕೆ ನೆಪ. ಅವ್ವನ ಮೇಲೆ ನನಗಿರುವ ಪ್ರೀತಿ ಇದನ್ನು ಬರೆಯುವುದರಿಂದ ಕಡಿಮೆಯಾಗುವುದಿಲ್ಲ, ಆದರೆ ಬರೆಯದೆ ಬಿಟ್ಟರೆ ಅವಳ ಕೈರುಚಿಯ ಬಗ್ಗೆ ಬರೆದದ್ದಕ್ಕೂ ಬೆಲೆ ಇರುವುದಿಲ್ಲ. ಖಾರ ಒಂದೇ ತರಹ ಇದ್ದರೆ ಜನ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ ಎಂದು ಅಡುಗೆಯ ಬಗ್ಗೆ ಬರೆಯುವವರು ಬಹಳ ಸಲೀಸಾಗಿ ಹೇಳಿಬಿಡುತ್ತಾರೆ. ನಾನು ನೋಡಿದ್ದು ಹಾಗಿಲ್ಲ.

ಮುಂದೆ ಇಂಗ್ಲಿಷ್ ಪಾಸಾಯಿತು, ನೌಕರಿ ಸಿಕ್ಕಿತು, ಬಾಣಲೆ ಬಿಟ್ಟಿತು. ಹೋಟೆಲು ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲು.

ಈಗ ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆಗೆದರೆ ಬಾಟಲಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಶ್ರೀರಾಚಾ, ಥಾಯ್ ಸ್ವೀಟ್ ಚಿಲ್ಲಿ, ಮೊಮೊ ಚಟ್ನಿ, ತೆರಿಯಾಕಿ. ಮಗಳು ಮೊಬೈಲಿನಲ್ಲಿ ಆರ್ಡರ್ ಮಾಡಿದವು. ಎಲ್ಲದರಲ್ಲೂ ಕಾಲು ಭಾಗ ಖಾಲಿ, ಮುಕ್ಕಾಲು ಭಾಗ ತಾರೀಖು ಮೀರಿದ್ದು. ಬಿಡುವಿದ್ದ ಒಂದು ದಿನ ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದುತ್ತಾ ಕೂತೆ. ಥಾಯ್ ಸ್ವೀಟ್ ಚಿಲ್ಲಿಯಲ್ಲಿ ಏನಿದೆ? ಸಕ್ಕರೆ, ನೀರು, ಮೆಣಸಿನಕಾಯಿ, ವಿನೆಗರ್, ಬೆಳ್ಳುಳ್ಳಿ, ಉಪ್ಪು, ಗಟ್ಟಿ ಮಾಡಲು ಪಿಷ್ಟ. ಇದರಲ್ಲಿ ನಮ್ಮ ಮನೆಯಲ್ಲಿ ಇಲ್ಲದ್ದು ಯಾವುದು? ಅರ್ಧ ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ನೀರು, ಕಾಲು ಬಟ್ಟಲು ವಿನೆಗರ್, ಜಜ್ಜಿದ ಹಣ್ಣುಮೆಣಸಿನಕಾಯಿ ಮೂರು, ಬೆಳ್ಳುಳ್ಳಿ ನಾಲ್ಕು ಎಸಳು, ಉಪ್ಪು. ಐದು ನಿಮಿಷ ಕುದಿ, ಒಂದು ಚಮಚ ಕದಡಿದ ಕಾರ್ನ್‌ಫ್ಲೋರು, ಮುಗಿಯಿತು. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ಒಲೆಯ ಮೇಲೆ ತೆಳ್ಳಗಿರುವಾಗಲೇ ಇಳಿಸಬೇಕು. ಮಗಳು ಬಾಟಲಿಯದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೆಕ್ಕಿ ನೋಡಿದಳು. "ನಿಂದು ಸ್ವಲ್ಪ ಜಾಸ್ತಿ ಬೆಳ್ಳುಳ್ಳಿ" ಅಂದಳು. ಅದೇ ಅದರ ಗುಣ.

ಕಡಲೆಕಾಯಿಯ ಸಾಸ್ ನನಗೆ ಇದಕ್ಕಿಂತ ಹಿಡಿಸಿದ್ದು. ಇಂಡೊನೇಷ್ಯಾ, ಮಲೇಷ್ಯಾದವರು ಕಡ್ಡಿಗೆ ಚುಚ್ಚಿ ಸುಟ್ಟ ಸಾಟೆಗೂ, ಬೇಯಿಸಿದ ತರಕಾರಿಯ ಗಾಡೊ-ಗಾಡೊಗೂ ಇದನ್ನು ಸುರಿದುಕೊಳ್ಳುತ್ತಾರೆ. ಹುರಿದ ಕಡಲೆಕಾಯಿ ಬೀಜ, ಒಣಮೆಣಸು, ಬೆಳ್ಳುಳ್ಳಿ, ಹುಣಸೆ, ಬೆಲ್ಲ, ಉಪ್ಪು. ಅಲ್ಲಿನವರದು ತಾಳೆ ಜಾತಿಯ ಬೆಲ್ಲ, ನಮ್ಮದು ಕಬ್ಬಿನದು. ಉಳಿದದ್ದೆಲ್ಲ ಹಳೆ ಮೈಸೂರಿನ ಯಾವ ಅಡುಗೆಮನೆಯಲ್ಲೂ ಕಣ್ಣುಮುಚ್ಚಿ ಕೈಹಾಕಿದರೆ ಸಿಗುವಂಥದ್ದು. ಬೀಜವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಸಿಡಿಯುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಅರೆಯಬೇಕು. ಅರ್ಧ ಬಟ್ಟಲು ತೆಂಗಿನ ಹಾಲು ಹಾಕಿ ಕುದಿಸಿದರೆ ಎಣ್ಣೆ ಬಿಟ್ಟು ಅಂಚಿಗೆ ಬರುತ್ತದೆ, ಆಗ ಇಳಿಸುವುದು. ಕಡಲೆಕಾಯಿ ಚಟ್ನಿಯೇ ತಾನೆ ಎಂದು ನನ್ನ ಹೆಂಡತಿ ಮೂಗು ಮುರಿದಳು. ಸುಮಾರಾಗಿ ಹೌದು. ಆದರೆ ನಾವು ಅದನ್ನು ಇಡ್ಲಿಯ ಪಕ್ಕ ಇಟ್ಟು ಮರೆತೆವು. ಬೇಯಿಸಿದ ಬೀನ್ಸು, ಕೋಸು, ಮೊಳಕೆಕಾಳಿನ ಮೇಲೆ ಬಿಸಿಬಿಸಿಯಾಗಿ ಸುರಿಯಬಹುದೆಂದು ನಮಗೆ ಹೊಳೆಯಲಿಲ್ಲ. ಮಜವೆಂದರೆ ಕಡಲೆಕಾಯಿ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳ ಕಡೆಯಿಂದ ಬಂದು ಇಲ್ಲೂ ಅಲ್ಲೂ ಬೇರುಬಿಟ್ಟವು. ಚಳ್ಳಕೆರೆಯವರೂ ಜಾವಾದವರೂ ತಮ್ಮದೆಂದು ಹೇಳಿಕೊಳ್ಳುವುದರಲ್ಲಿ ಇಬ್ಬರದ್ದೂ ಸಮಾನ ಹಕ್ಕು.

ಸೋಯಾ ಸಾಸನ್ನು ಮಾತ್ರ ಮನೆಯಲ್ಲಿ ಮಾಡಲು ಹೊರಡಬಾರದು. ಹುಣಸೆರಸಕ್ಕೆ ಸುಟ್ಟ ಸಕ್ಕರೆ ಬೆರೆಸಿ ಸೋಯಾ ಎಂದು ಹೇಳುವ ವಿಡಿಯೊಗಳಿವೆ. ಅದು ಹುಣಸೆರಸ, ಅಷ್ಟೆ. ನಿಜವಾದದ್ದಕ್ಕೆ ಬೇಯಿಸಿದ ಸೋಯಾ ಅವರೆ ಮತ್ತು ಗೋಧಿಯ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟು ಬೆಳೆಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಬೇಕು. ಆ ಬೂಷ್ಟೇ ಕಾಳಿನ ಪ್ರೋಟೀನನ್ನು ಒಡೆದು ರುಚಿ ಹುಟ್ಟಿಸುವುದು. ಅಗ್ಗದ ಬಾಟಲಿಗಳಲ್ಲಿ ಆ ಕೆಲಸವನ್ನು ಆಮ್ಲ ಮಾಡಿರುತ್ತದೆ, ಕಪ್ಪನ್ನು ಕ್ಯಾರಮೆಲ್ ಕೊಟ್ಟಿರುತ್ತದೆ. ಆದ್ದರಿಂದ ಒಂದು ಬಾಟಲಿಗೆ ದುಡ್ಡು ಹಾಕುವುದಾದರೆ, ಹುದುಗಿಸಿದ್ದು ಎಂದು ಬರೆದಿರುವ ಸೋಯಾಕ್ಕೆ ಹಾಕಬೇಕು. ಉಳಿದದ್ದೆಲ್ಲ ಮನೆಯ ಡಬ್ಬಿಗಳಲ್ಲೇ ಇದೆ. ಅದೇ ಸೋಯಾಕ್ಕೆ ಸಮ ಸಮ ಬೆಲ್ಲ, ಒಂದು ಚಕ್ರಮೊಗ್ಗು, ಜಜ್ಜಿದ ಬೆಳ್ಳುಳ್ಳಿ ಹಾಕಿ ಎಳೆ ಪಾಕವಾಗುವವರೆಗೆ ಕಾಯಿಸಿದರೆ ಇಂಡೊನೇಷ್ಯಾದ ಕೆಚಾಪ್ ಮಾನಿಸ್‌ನ ಹತ್ತಿರ ಹೋಗುತ್ತದೆ. ಮಿಕ್ಕ ಅನ್ನಕ್ಕೆ ಎರಡು ಚಮಚ ಸಾಕು.

ಟೇಸ್ಟಿಂಗ್ ಪೌಡರಿನ ಡಬ್ಬಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನ ರುಚಿ ಎಲ್ಲಿಂದ ಬರುತ್ತದೆಂದು ಹುಡುಕಿ ಹೊರತೆಗೆದ ಗ್ಲುಟಮೇಟ್ ಅದು. 1968ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದಕ್ಕೆ ಡಾಕ್ಟರೊಬ್ಬರು, ಚೈನೀಸ್ ಹೋಟೆಲಿನಲ್ಲಿ ಉಂಡರೆ ಕುತ್ತಿಗೆ ಮರಗಟ್ಟುತ್ತದೆ, ಕಾರಣವೇನಿರಬಹುದು ಎಂದು ಪತ್ರ ಬರೆದರು. ಅಲ್ಲಿಂದ ಅದಕ್ಕೆ ಕೆಟ್ಟ ಹೆಸರು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಊಟದಲ್ಲಿ ಬೀಳುವಷ್ಟು ಪ್ರಮಾಣಕ್ಕೆ ಅಂಥ ಗಟ್ಟಿ ಸಂಬಂಧ ಕಾಣಲಿಲ್ಲ. ಬಣ್ಣದ ಪುಡಿಯನ್ನು ಯೋಚಿಸದೆ ನುಂಗಿದ ನಮ್ಮ ಜನ, ಪಾಪ, ಇದಕ್ಕೆ ಬೆಚ್ಚಿಬಿದ್ದರು. ಮನೆಯಲ್ಲಿ ಅದು ಬೇಕಾಗಿಯೂ ಇಲ್ಲ. ಚೆನ್ನಾಗಿ ಹಣ್ಣಾದ ಟೊಮ್ಯಾಟೊ ಸುಟ್ಟು ಹಾಕಿದರೆ ಆ ರುಚಿ ತಾನಾಗಿ ಬರುತ್ತದೆ.

ಬಣ್ಣಕ್ಕೆ ಬ್ಯಾಡಗಿ ಇದೆಯಲ್ಲ! ಹಾವೇರಿ ಜಿಲ್ಲೆಯ ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸುಕ್ಕುಸುಕ್ಕು, ಖಾರ ಕಡಿಮೆ, ಕೆಂಪು ವಿಪರೀತ. ಅದರ ತೈಲಸಾರ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಆ ಕೆಂಪು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ನೆನೆಸಿ ಅರೆದದ್ದನ್ನು ನೇರ ಗ್ರೇವಿಗೆ ಕಲಸಿದರೆ ಮಂಕಾಗುತ್ತದೆ. ಎಣ್ಣೆಯಲ್ಲಿ ಸಣ್ಣ ಉರಿಗೆ ಬಾಡಿಸಿದರೆ ಎಣ್ಣೆಯೇ ಕೆಂಪಗೆ ತಿರುಗಿ ಹೂಕೋಸಿಗೆ ಹತ್ತಿಕೊಳ್ಳುತ್ತದೆ. ಇದನ್ನು ಸರ್ಕಲ್ಲಿನ ಗಾಡಿಯವನಿಗೆ ಹೇಳಿದೆ. ಅವನು ಕೇಳಿಸಿಕೊಂಡ. ಬೆರಳು ಮಡಚಿ ಲೆಕ್ಕ ಹಾಕಿದ. ಬ್ಯಾಡಗಿ ಕಿಲೋಗೆ ನೂರಾರು ರೂಪಾಯಿ, ಎಣ್ಣೆ ಬೇರೆ ಜಾಸ್ತಿ, ಅರೆಯಲು ಆಳು. "ಹಾಫ್ ಪ್ಲೇಟಿಗೆ ಹತ್ತು ರೂಪಾಯಿ ಏರಿಸ್ಬೇಕಾಯ್ತದೆ. ನೀವು ಕೊಡ್ತೀರಾ, ಈ ಹುಡುಗ್ರು ಕೊಡ್ತಾರಾ?" ಅವನ ಲೆಕ್ಕ ತಪ್ಪಿರಲಿಲ್ಲ. ಮನೆಯಲ್ಲಿ ಮಾಡಿಕೊಳ್ಳುವವನ ಬುದ್ಧಿವಾದ ಬೀದಿಯಲ್ಲಿ ಬೇಯಿಸುವವನ ಜೇಬಿಗೆ ಹೊಂದುವುದಿಲ್ಲ. ಅವನು ಈಗ ಟೊಮ್ಯಾಟೊ ಸಾಸನ್ನೇ ಇನ್ನೊಂದಿಷ್ಟು ಜಾಸ್ತಿ ಹಾಕುತ್ತಾನೆ.

ಯೆರ್ಮಾ ಒಂದು ಮೈಸೂರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಕುಮಟೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಬಂಗುಡೆ ಸಾರು ಉಣ್ಣುವಾಗ ತುಟಿ ಜುಮುಗುಟ್ಟಿತು. ತಟ್ಟೆಯಲ್ಲಿ ಹುಡುಕಿದರೆ ಅದೇ ಬಾಯಿಬಿಟ್ಟ ಕಾಯಿ, ಸ್ವಲ್ಪ ದೊಡ್ಡದು. ಕರಾವಳಿಯವರ ಜುಮ್ಮನಕಾಯಿ, ಕೊಂಕಣಿಗರ ತಿರ್ಫಲ್. ಎರಡೂ ಒಂದೇ ಕುಲದ ಗಿಡ. ಅವರೂ ಬೀಜ ಎಸೆದು ಸಿಪ್ಪೆ ಮಾತ್ರ ಬಳಸುತ್ತಾರೆ. ಇದರ ಪರಿಮಳದಲ್ಲಿ ನಿಂಬೆ ಕಡಿಮೆ, ಕಾಡು ಜಾಸ್ತಿ. ಆದರೆ ಸೆಪೆನ್ನಿಗೆ ಕೂತುಬಿಟ್ಟಿತು. ಅಂದಿನಿಂದ ನಮ್ಮ ಮನೆಯದು ಬ್ಯಾಡಗಿ ಅರ್ಧ, ಗುಂಟೂರು ಅರ್ಧ, ಜುಮ್ಮನಕಾಯಿ ಮೂರು. ಮೇಲೆ ಎರಡು ಚಮಚ ಎಣ್ಣೆ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ.

2023ರ ಮಳೆಗಾಲದಲ್ಲಿ ಮಡಿಕೇರಿಗೆ ಹೋಗುವ ದಾರಿಯಲ್ಲಿ ಬೈಲಕುಪ್ಪೆಗೆ ಹೊರಳಿದೆ. ಆಗಿನ ಮೈಸೂರು ಸರ್ಕಾರ ಕೊಟ್ಟ ಕಾಡಿನ ಜಾಗದಲ್ಲಿ 1961ರಿಂದ ಆ ಜನ ಮರ ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದ ಊರದು. ಈಗ ಚಿನ್ನದ ದೇವಸ್ಥಾನ ನೋಡಲು ಬರುವ ಬಸ್ಸುಗಳೇ ಬಸ್ಸು. ಒಳಗಿನ ಕ್ಯಾಂಪುಗಳಲ್ಲಿ ಮಾತ್ರ ಬಾಗಿಲು ಹಾಕಿದ ಮನೆಗಳು ಕಂಡವು. ಹುಡುಗರು ಕೆನಡಾ, ಅಮೆರಿಕ, ಯುರೋಪು ಸೇರಿದ್ದಾರೆ, ಮುದುಕರು ಮಣಿ ತಿರುಗಿಸುತ್ತಾ ಕೂತಿರುತ್ತಾರೆ. ನಮ್ಮ ಅಡುಗೆಯವನ ಬಗ್ಗೆ ಒಂದಿಬ್ಬರನ್ನು ವಿಚಾರಿಸಿದೆ. ಹೋಟೆಲಿನಲ್ಲಿ ಕರೆಯುತ್ತಿದ್ದ ಹೆಸರು ಹೇಳಿ ವಿಚಾರಿಸುವಂತಿರಲಿಲ್ಲ. ಬೆರಳಿನ ಗುರುತು ಹೇಳಿದೆ. ರಸ್ತೆ ಕೆಲಸದಲ್ಲಿ ಬೆರಳು ಹೋದವರು ಬಹಳ ಜನ ಇದ್ದರು ಎಂದರು.

ರಸ್ತೆಯ ಬದಿಯ ಒಂದು ಸಣ್ಣ ಹೋಟೆಲಿನಲ್ಲಿ ಥುಕ್ಪಾ ಹೇಳಿದೆ. ಮೇಜಿನ ಮೇಲೆ ಸ್ಟೀಲಿನ ಬಟ್ಟಲಲ್ಲಿ ಸೆಪೆನ್ ಇತ್ತು. ನಾಲಿಗೆಗೆ ಹಚ್ಚಿದೆ. ಖಾರ ಸರಿ, ಬೆಳ್ಳುಳ್ಳಿ ಸರಿ, ಹುಳಿ ಬೇರೆ. ನಡೆಸುತ್ತಿದ್ದ ಹೆಂಗಸು ನನಗಿಂತ ಸ್ವಚ್ಛ ಕನ್ನಡದಲ್ಲಿ ಹೇಳಿದರು: "ಟೊಮ್ಯಾಟೊ ಕಿಲೋ ನೂರರ ಮೇಲೆ ಹೋಗಿದೆ ಸರ್. ಹುಣಸೇಹಣ್ಣು ಹಾಕಿದೀನಿ. ಕುಶಾಲನಗರದಿಂದ ಬರೋರಿಗೆ ಇದೇ ಇಷ್ಟ, ಇನ್ಮೇಲೆ ಹೀಗೇ ಮಾಡೋಣ ಅಂತ." ಅವ್ವ ಇದ್ದಿದ್ದರೆ ಗೆದ್ದೆ ಎನ್ನುತ್ತಿದ್ದಳು. ಯೆರ್ಮಾ ಇಲ್ಲವಲ್ಲ ಎಂದೆ. ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳುವ ಹಾಗಿಲ್ಲ ಎಂದರು. ಜುಮ್ಮನಕಾಯಿಯ ವಿಷಯ ಹೇಳಿದೆ. ಬಿಲ್ ಪುಸ್ತಕದ ಹಿಂಬದಿ ತಿರುಗಿಸಿ, ಕಿವಿಯ ಮೇಲಿದ್ದ ಪೆನ್ನು ತೆಗೆದು, ಹೆಸ‌ರನ್ನು ಕನ್ನಡದಲ್ಲಿ ಒಮ್ಮೆ, ತಮ್ಮ ಲಿಪಿಯಲ್ಲಿ ಒಮ್ಮೆ ಬರೆದುಕೊಂಡರು. ಆಮೇಲೆ ಕೇಳಿದರು, "ಕುಮಟೇಲಿ ಕಿಲೋ ಎಷ್ಟಂತೆ? ಕೊರಿಯರ್‌ನಲ್ಲಿ ಕಳಿಸ್ತಾರಾ?"